ಮಸ್ಕಿಯ ಕಬ್ಬಿಣದ ಕೊಕ್ಕರೆ

ಸಿಂಧನೂರಿನಲ್ಲಿ ನಾನು ದುಡಿದ ಫೌಂಡ್ರಿಯಲ್ಲಿ ಒಂದು ಮಾತಿದೆ. ಎರಕ ಹೊಯ್ದ ಸಾಮಾನು ಅಳತೆಗಿಂತ ಗಿಡ್ಡ ಬಂದರೆ ಅದಕ್ಕೆ ‘ನರಸಪ್ಪನ ಕಣ್ಣು’ ಅನ್ನುತ್ತಾರೆ. ‘ಈ ಪುಲ್ಲಿ ನರಸಪ್ಪನ ಕಣ್ಣಾತು, ಒಡದು ಮತ್ತ ಭಟ್ಟಿಗೆ ಹಾಕ್ರಿ’ ಅಂದರೆ ಅಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊಸದಾಗಿ ಸೇರಿದ ನೀವು ಮೊದಲ ವಾರದಲ್ಲೇ ಈ ಮಾತು ಕೇಳಿರುತ್ತೀರಿ, ಎರಡನೇ ವಾರದಲ್ಲಿ ಆಡಿಯೂ ಇರುತ್ತೀರಿ. ಈ ನರಸಪ್ಪ ಯಾರು, ಅವರ ಕಣ್ಣಿಗೆ ಏನಾಗಿತ್ತು ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ನಿವೃತ್ತನಾದ ಮೇಲೆ ಹೊತ್ತು ಬೇಕಾದಷ್ಟಿದೆ. ಅದಕ್ಕೇ ಬರೆಯಲು ಕೂತೆ.

ನಾನು ಬಡಿಗೇರ ಮೌನೇಶ. ಎಂಬತ್ತರ ದಶಕದ ಆರಂಭದಲ್ಲಿ ಫೌಂಡ್ರಿಗೆ ಸೇರಿದಾಗ ನನಗೆ ಬಾಗಿಲು, ತೊಟ್ಟಿಲು, ನೊಗ ಮಾಡುವುದಷ್ಟೇ ಗೊತ್ತಿತ್ತು. ಕಾಲುವೆಯ ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ರೈಸ್‌ಮಿಲ್ಲು, ಮಿಲ್ಲಿನ ಹಿಂದೆ ನಾವು. ಮಿಲ್ಲಿನ ಪುಲ್ಲಿ, ಪಂಪಿನ ಹೊಟ್ಟೆ, ಗಾಣದ ಹಲ್ಲುಚಕ್ರ, ಇವೇ ನಮ್ಮ ಸರಕು. ಮೊದಲು ನಾನು ಸಾಗವಾನಿ ಕಟ್ಟಿಗೆಯಲ್ಲಿ ಸಾಮಾನಿನ ರೂಪ ಕೆತ್ತಬೇಕು. ಅದಕ್ಕೆ ಪ್ಯಾಟರ್ನ್ ಅನ್ನುತ್ತೇವೆ. ಅದನ್ನು ಪೆಟ್ಟಿಗೆಯ ಹಸಿ ಉಸುಕಿನಲ್ಲಿ ಒತ್ತಿ ಮೆಲ್ಲಗೆ ಎತ್ತಿದರೆ ಅಚ್ಚು ಉಳಿಯುತ್ತದೆ. ಆ ಖಾಲಿ ಜಾಗಕ್ಕೆ ಕರಗಿದ ಬೀಡು, ಅಂದರೆ ಎರಕದ ಕಬ್ಬಿಣ, ಹೊಯ್ಯುತ್ತಾರೆ. ಜನ ನೋಡುವುದು ಬೀಡನ್ನು. ಕಟ್ಟಿಗೆಯನ್ನು ಯಾರೂ ಕೇಳುವುದಿಲ್ಲ. ಮದುವೆ ಮನೆಯ ಅಡಿಗೆಯವರ ಹಾಗೆ ನಾವು ಹಿತ್ತಲ ಬಾಗಿಲಿನವರು.

ನನ್ನ ಮೊದಲನೆಯ ಪುಲ್ಲಿಯ ಕಥೆ ಹೇಳಿಬಿಡುತ್ತೇನೆ, ನಿಮಗೂ ಧೈರ್ಯ ಬರಲಿ. ಬಡಿಗತನದ ಜಂಬದಲ್ಲಿ ಅದರ ಅಂಚುಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ನೆಟ್ಟಗೆ ಮಾಡಿದ್ದೆ. ಉಸುಕಿನಿಂದ ಎತ್ತಿದಾಗ ಅಚ್ಚೆಲ್ಲ ಕಟ್ಟಿಗೆಯ ಜೊತೆಗೇ ಕಿತ್ತು ಬಂತು. ಎರಕದ ಮುಖ್ಯಸ್ಥರಾಗಿದ್ದ ನರಸಪ್ಪ ಉಸ್ತಾದರು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು.

“ಬಾಗಿಲ ಚೌಕಟ್ಟು ಮಾಡಿಯೇನಲೇ? ಗಿಲಾಸ ನೋಡಿಲ್ಲೇನು? ಬಾಯಿ ಅಗಲ, ಬುಡ ಸಣ್ಣ. ಹಂಗ ಒಂಚೂರು ಓರೆ ಇದ್ರ ಉಸುಕಿಗೆ ಗೊತ್ತಾಗದಂಗ ಎದ್ದು ಬರತೈತಿ.”

ಮರುದಿನ ಅವರೇ ನನಗೊಂದು ಅಳತೆಗೋಲು ತಂದುಕೊಟ್ಟರು. ನೋಡಲು ಸಾದಾ ಕೋಲು. ಆದರೆ ಅದರ ಒಂದು ಅಡಿ ನಿಜವಾದ ಅಡಿಗಿಂತ ಒಂದು ನೂಲು ಉದ್ದ. ನೂಲು ಅಂದರೆ ಇಂಚಿನ ಎಂಟರಲ್ಲಿ ಒಂದು ಪಾಲು. ಬೀಡು ಆರುವಾಗ ಅಡಿಗೆ ಒಂದು ನೂಲು ಕುಗ್ಗುತ್ತದೆ, ಹಾಗಾಗಿ ಕಟ್ಟಿಗೆಯನ್ನು ಅಷ್ಟು ಉದ್ದವಾಗಿಯೇ ಕೆತ್ತಬೇಕು. “ಮನಿ ಕೆಲಸಕ್ಕ ನಿನ್ನ ಕೋಲು, ಇಲ್ಲಿ ಕೆಲಸಕ್ಕ ಈ ಕೋಲು. ಎರಡೂ ಒಂದ ಜೋಳಿಗ್ಯಾಗ ಇಡಬ್ಯಾಡ,” ಅಂದರು. ನಾನು ಎರಡನ್ನೂ ಒಂದೇ ಜೋಳಿಗೆಯಲ್ಲಿ ಇಟ್ಟುಕೊಂಡೇ ಓಡಾಡಿದೆ.

ಉಸ್ತಾದರು ನಿಜಾಮರ ಕಾಲದಲ್ಲಿ ಹೈದರಾಬಾದಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತವರು. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳನ್ನು ಲಿಂಗಸುಗೂರಿಗೆ ಕೊಟ್ಟಿದ್ದರು. ಆಗ ನಮ್ಮಲ್ಲಿ ಶಾಖ ಅಳೆಯುವ ಯಂತ್ರವಿರಲಿಲ್ಲ. ಬಕೇಟಿನಲ್ಲಿ ಬಿದ್ದ ಬೀಡಿನ ರಸದ ಬಣ್ಣ ನೋಡಿ ಹೊಯ್ಯುವ ಹೊತ್ತನ್ನು ಅವರು ಹೇಳಬೇಕು. ದಪ್ಪ ಸಾಮಾನಿಗೆ ಸ್ವಲ್ಪ ಆರಿದ ರಸ ಬೇಕು, ತೆಳುವಾದದ್ದಕ್ಕೆ ಉರಿಉರಿಯಾಗಿರಬೇಕು. ಹಾಗೆ ನಲವತ್ತು ವರ್ಷ ಬೆಂಕಿಯನ್ನೇ ನೋಡಿದ ಕಣ್ಣು.

ನಾನು ಸೇರಿ ನಾಲ್ಕೈದು ವರ್ಷವಾಗಿತ್ತು. ಒಂದು ಸಂಜೆ ಭಟ್ಟಿ ತೆರೆಯುವ ಮುಂಚೆ ಅವರು ನನ್ನನ್ನು ಪಕ್ಕಕ್ಕೆ ಕರೆದು, “ನನ್ನ ಬಾಜೂಕ ನಿಂದರು. ಬಣ್ಣ ಹೇಳು,” ಅಂದರು.

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. “ಮಲ್ಲಿಗಿ ಬಣ್ಣ ಐತ್ರಿ,” ಅಂದೆ.

“ತಡಿ. ಈಗ?”

“ಪುಠಾಣಿ ಬಣ್ಣಕ್ಕ ಬಂದೈತ್ರಿ.” ಹುರಿಗಡಲೆಯ ಹಳದಿಗೆ ಇಳಿದರೆ ರಸ ಸ್ವಲ್ಪ ಆರಿದೆ ಎಂದರ್ಥ.

“ಹೊಯ್ರಿ!” ಎಂದು ಆಳುಗಳಿಗೆ ಕೂಗಿದರು.

ಮೂರನೆಯ ವಾರವೂ ಹೀಗೇ ಆದಾಗ ನಾನು ಅವರ ಕಣ್ಣನ್ನು ಸರಿಯಾಗಿ ನೋಡಿದೆ. ಎರಡರ ಮೇಲೂ ಬಿಳಿ ಪೊರೆ. ನಾನು ನೋಡಿದ್ದು ಅವರಿಗೆ ಗೊತ್ತಾಯಿತು. “ಸಾವುಕಾರಗ ಹೇಳಬ್ಯಾಡಲೇ ಮೌನೇಶ. ಭಟ್ಟಿ ಮುಂದ ನಿಂದ್ರಲಿಲ್ಲ ಅಂದ್ರ ನಾ ಎಲ್ಲಿ ನಿಂದರ್ಲಿ?” ಅಂದರು. ಲಿಂಗಸುಗೂರಿನ ದವಾಖಾನೆಯಲ್ಲಿ ಆಪರೇಶನ್ ಮಾಡಿದರೂ ಬಹಳ ಆಸೆ ಇಟ್ಟುಕೊಳ್ಳಬೇಡಿ ಅಂದಿದ್ದರಂತೆ. ನಾನು ಯಾರಿಗೂ ಹೇಳಲಿಲ್ಲ. ಎರಡು ವರ್ಷ ಅವರ ಪಕ್ಕದಲ್ಲಿ ನಿಂತು ಬಣ್ಣ ಹೇಳಿದೆ. ಎರಕ ಒಂದೂ ಕೆಡಲಿಲ್ಲ.

ಆಗ ಬಂದವರು ಮಸ್ಕಿಯ ಶರಣಮ್ಮನವರು. ಹತ್ತಿ ಗಿರಣಿಯ ಹಳೆಯ ಮನೆತನದ ಸೊಸೆ. ಅವರ ಮಾವನ ಅಪ್ಪ ಹೈದರಾಬಾದಿನಲ್ಲಿ ಯಾವುದೋ ನವಾಬರ ತೋಟದ ಹರಾಜಿನಲ್ಲಿ ಕಬ್ಬಿಣದ ಎರಡು ಕೊಕ್ಕರೆಗಳನ್ನು ಕೊಂಡು ತಂದಿದ್ದರಂತೆ. ಆಳೆತ್ತರದ ಹಕ್ಕಿಗಳು. ಕಾರಂಜಿಯ ನಡುವೆ ಎದುರುಬದುರು ನಿಂತು, ಕೊಕ್ಕು ಮೇಲೆತ್ತಿ, ತಾವರೆ ಎಲೆಯಂಥ ಒಂದು ತಟ್ಟೆಯನ್ನು ಹೊತ್ತಿದ್ದವು. ಬೇಸಿಗೆಯ ಬಿರುಗಾಳಿಗೆ ಬೇವಿನ ಕೊಂಬೆ ಬಿದ್ದು ಒಂದರ ಕುತ್ತಿಗೆ ಚೂರುಚೂರಾಗಿತ್ತು.

ನಮ್ಮ ಸಾವುಕಾರ ಬಸಣ್ಣನವರು ಕೈ ಮುಗಿದರು. “ಅವ್ವಾರ, ನಮ್ದು ಗೊಂಬಿ ಮಾಡೂ ಫೌಂಡ್ರಿ ಅಲ್ರೀ. ಪುಲ್ಲಿ ಕೇಳ್ರಿ, ನಾಳೆ ಕೊಡ್ತೀನಿ.”

“ನಾ ಆ ಮನಿಗೆ ಬಂದಾಗ ಹದಿನಾರು ವರ್ಷ. ಯಾರ ಜೊತಿಗೂ ಮಾತಿರಲಿಲ್ಲ. ಮೊದಲು ಮಾತಾಡಿದ್ದು ಆ ಹಕ್ಕಿಗೋಳ ಮುಂದ. ಒಂದರ ತಲಿ ಹೋಗಿ ಮೂರು ತಿಂಗಳಾತು, ನನಗ ಆ ಕಡಿ ಕಿಟಕಿ ತಗಿಯಾಕ ಮನಸಾಗವಲ್ದು,” ಅಂದರು ಶರಣಮ್ಮ.

ಮೂಲೆಯಲ್ಲಿ ಉಸುಕು ನಾದುತ್ತಿದ್ದ ಉಸ್ತಾದರು ತಾವಾಗಿ ಎದ್ದು ಬಂದರು. “ನಾ ಮಾಡ್ತೀನ್ರಿ ಅವ್ವಾರ.” ಹಾಗೆ ಮುಂದೆ ಬಿದ್ದು ಕೆಲಸ ಹಿಡಿದದ್ದನ್ನು ನಾನು ಅದೊಂದೇ ಸಲ ಕಂಡದ್ದು. ಆಮೇಲೆ ನನಗೆ ಹೇಳಿದರು. “ನಲವತ್ತು ವರ್ಷ ಪುಲ್ಲಿ ಹೊಯ್ದೀನಿ. ಕಣ್ಣು ಪೂರಾ ಹೋಗೂದ್ರಾಗ ಒಂದು ಚಂದಂದು ಹೊಯ್ಬೇಕು. ಅದು ಕೆಟ್ಟಿತು ಅಂದ್ರ ಸಾವುಕಾರ ನನ್ನ ಕಣ್ಣು ನೋಡ್ತಾನ. ನೋಡಿದ್ರ ನಂದು ಮುಗೀತು.”

ಮಸ್ಕಿಯ ಆ ತೋಟ ಈಗಲೂ ಕನಸಿನಲ್ಲಿ ಬರುತ್ತದೆ. ಬೆಟ್ಟದ ಬಿಸಿಲೆಲ್ಲ ಗೋಡೆಯ ಆಚೆಗೇ ನಿಂತು, ಒಳಗೆ ಬೇವಿನ ನೆರಳು ಮಾತ್ರ ಬಂದಿತ್ತು. ಒಣಗಿದ ಕಾರಂಜಿಯೊಳಗೆ ಎರಡು ಹಕ್ಕಿಗಳು. ಪುಕ್ಕ ಪುಕ್ಕವೂ ಬೇರೆ ಬೇರೆ. ಕಾಲಿನ ಗಂಟು, ಗಂಟಿನ ಮೇಲಿನ ಚರ್ಮದ ಸುಕ್ಕು, ಬುಡದಲ್ಲಿ ಬಾಗಿದ ಜೊಂಡು ಎಲ್ಲವೂ ಬೀಡಿನಲ್ಲೇ ಇದ್ದವು. ಇದನ್ನು ಕಟ್ಟಿಗೆಯಲ್ಲಿ ಮೊದಲು ಕೆತ್ತಿದವನೊಬ್ಬ ಇದ್ದನಲ್ಲ, ಅವನ ಉಳಿ ಎಷ್ಟು ಸಣ್ಣದಿದ್ದೀತು ಎಂದು ಯೋಚಿಸುತ್ತ ನಾನು ನಿಂತೇಬಿಟ್ಟೆ. ಹೊಟ್ಟೆಕಿಚ್ಚಾಯಿತು ಅಂದರೂ ಸರಿಯೇ.

ಬುಡದ ಪಟ್ಟಿಯಲ್ಲಿ ಸವೆದ ಅಕ್ಷರಗಳಿದ್ದವು. ಇಂಗ್ಲಿಷಿನಂತೆ ಕಂಡರೂ ಓದಲು ಬರಲಿಲ್ಲ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಗುರುತು ತೆಗೆದುಕೊಂಡೆ. ಆ ಹೊತ್ತಿಗೆ ಉಸ್ತಾದರು ಮುರಿದ ಹಕ್ಕಿಯ ಕುತ್ತಿಗೆಯ ತೂತಿನಲ್ಲಿ ಬೆರಳು ಇಳಿಸಿ ಕಣ್ಣು ಮುಚ್ಚಿಕೊಂಡಿದ್ದರು.

“ಮೌನೇಶ, ಇಲ್ಲಿ ಕೈ ಹಾಕು. ಒಳಗ ಮೂರು ಉಬ್ಬು ಅದಾವ, ಸಾಲಾಗಿ.”

ನನ್ನ ಬೆರಳಿಗೂ ಸಿಕ್ಕವು. ಕಡಲೆಕಾಳಿನಷ್ಟು ಗಾತ್ರದ ನುಣ್ಣನೆಯ ಮೂರು ಉಬ್ಬು.

“ಬೆರಳಲೇ ಇವು,” ಅಂದರು ಉಸ್ತಾದರು. ಎರಕದ ಒಳಗೆ ಟೊಳ್ಳು ಬರಲೆಂದು ಅಚ್ಚಿನ ನಡುವೆ ಉಸುಕಿನ ತುಂಡೊಂದನ್ನು ಇಡುತ್ತೇವೆ. ಅದಕ್ಕೆ ಕೋರು ಅನ್ನುತ್ತಾರೆ. ಆ ಕೋರು ಬಿರುಕು ಬಿಟ್ಟಿರಬೇಕು. ಹೊಯ್ಯುವವನು ಅವಸರದಲ್ಲಿ ಹಸಿ ಉಸುಕು ಮೆತ್ತಿ ಮೂರು ಬೆರಳಿನಿಂದ ಒತ್ತಿದ್ದಾನೆ. ಉಸುಕಿನಲ್ಲಿ ಬಿದ್ದ ಕುಣಿ ಬೀಡಿನಲ್ಲಿ ಉಬ್ಬಾಗಿ ಬಂದಿದೆ. “ಯಾರೂ ನೋಡಂಗಿಲ್ಲ ಅಂತ ಬಿಟ್ಟಾನ. ನಮ್ಮಂಥವನ ಅದಾನ ಅವನೂ!” ಎಂದು ನಕ್ಕುಬಿಟ್ಟರು. ಅಷ್ಟು ಜೋರಾಗಿ ಅವರು ಬೇರೆ ಯಾವಾಗಲೂ ನಕ್ಕಿದ್ದು ನನಗೆ ನೆನಪಿಲ್ಲ.

ಪೆನ್ಸಿಲ್ ಕಾಗದ ಹಿಡಿದು ನಾನು ಬಸ್ಸಿನಲ್ಲಿ ಮುದಗಲ್ಲಿಗೆ ಹೋದೆ. ಅಲ್ಲಿಯ ಚರ್ಚಿನಲ್ಲಿ ಆಗ ಒಬ್ಬ ಮುದುಕ ಪಾದ್ರಿಗಳಿದ್ದರು, ನಾಲ್ಕಾರು ಭಾಷೆ ಬಲ್ಲವರು. ಕಾಗದವನ್ನು ಬೆಳಕಿಗೆ ಹಿಡಿದು ಇದು ಫ್ರೆಂಚ್ ಅಂದರು. ಕಾರ್ಖಾನೆಯ ಹೆಸರು ಅರ್ಧ ಅಳಿಸಿದೆ, ಕೆಳಗಿನದು ಪ್ಯಾಟರ್ನಿನ ನಂಬರು. ಆ ದೇಶದಲ್ಲಿ ಕಾಡು, ಹೊಳೆ, ಕಬ್ಬಿಣದ ಅದಿರು ಮೂರೂ ಕೂಡಿದ ಕಣಿವೆಗಳಿವೆಯಂತೆ. ಅಲ್ಲಿ ಊರಿಗೆ ಊರೇ ಫೌಂಡ್ರಿ. ಕಾರಂಜಿ, ಹೂದಾನಿ, ಸಿಂಹ, ದೇವತೆ ಎಲ್ಲವನ್ನೂ ಚಿತ್ರದ ಪುಸ್ತಕದಲ್ಲಿ ಅಚ್ಚು ಹಾಕಿಸಿ ನಂಬರು ಕೊಟ್ಟು ಜಗತ್ತಿಗೆಲ್ಲ ಕಳಿಸುತ್ತಿದ್ದರಂತೆ. ಯಾರೋ ನವಾಬರು ಪುಟ ತಿರುವಿ ಕೊಕ್ಕರೆಯ ಮೇಲೆ ಬೆರಳಿಟ್ಟಿರಬೇಕು.

“ಮಾಡಿದವನ ಹೆಸರು?” ಎಂದು ಕೇಳಿದೆ.

“ಧಣಿಯ ಹೆಸರು ಇರ್ತದಪ್ಪಾ. ಮಾಡಿದವಂದು ಇರೂದಿಲ್ಲ,” ಅಂದರು ಪಾದ್ರಿಗಳು.

ಮರಳಿ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಾನು ಆ ಕಣಿವೆಯಲ್ಲಿದ್ದೆ. ಹೊಳೆಯ ದಂಡೆಯಲ್ಲಿ ಒಬ್ಬ ಬಡಿಗ ಕೂತು ಕೊಕ್ಕರೆಯನ್ನು ನೋಡುತ್ತಿದ್ದ. ಕಣ್ಣು ತೆರೆದಾಗ ಕಾಲುವೆಯ ಗದ್ದೆಗಳು. ಕೆಸರಿನಲ್ಲಿ ನಮ್ಮ ಕೊಕ್ಕರೆಗಳು ಒಂಟಿ ಕಾಲಲ್ಲಿ ನಿಂತಿದ್ದವು. ಮರುದಿನ ಉಸ್ತಾದರನ್ನು ಸೈಕಲ್ ಮೇಲೆ ಕೂರಿಸಿಕೊಂಡು ದಢೇಸುಗೂರಿನ ಕಡೆಗೆ ಹೋದೆ, ಹಕ್ಕಿ ಕುತ್ತಿಗೆ ಎತ್ತುವುದನ್ನು ನೋಡೋಣವೆಂದು. ಅವರು ಬದುವಿನ ಮೇಲೆ ಕೂತು ಗದ್ದೆಯ ಕಡೆಗೆ ಮುಖ ಮಾಡಿದರು.

“ಎಷ್ಟು ಅದಾವ?”

“ಇಪ್ಪತ್ತರ ಮ್ಯಾಲ ಅದಾವ್ರಿ.”

“ನನಗ ಊರ ಪೂರ್ತಿ ಕೊಕ್ಕರಿ ಬಣ್ಣ ಕಾಣತೈತಿ. ಹೇಳು, ಕುತ್ತಿಗಿ ಹೆಂಗ ಎತ್ತತಾವ.” ನಾನು ಹೇಳುತ್ತ ಹೋದೆ, ಅವರು ಗಾಳಿಯಲ್ಲಿ ಕೈ ಬಾಗಿಸುತ್ತ ಹೋದರು.

ಇನ್ನು ನನ್ನ ತಪ್ಪು. ಚೆನ್ನಾಗಿದ್ದ ಹಕ್ಕಿಯ ಕುತ್ತಿಗೆಯನ್ನು ನಾನು ಬುಡದಿಂದ ಕೊಕ್ಕಿನ ತುದಿಯವರೆಗೆ ಅಳೆದೆ. ಸರಿಯಾಗಿ ಒಂದೂವರೆ ಅಡಿ. ಸಾಗವಾನಿ ತೆಗೆದುಕೊಂಡು ಕೆತ್ತಲು ಕೂತಾಗ ಜೋಳಿಗೆಯಲ್ಲಿ ಎರಡೂ ಕೋಲುಗಳಿದ್ದವು. ಉದ್ದದ ಕೋಲನ್ನು ಕೈಗೆತ್ತಿಕೊಂಡವನು ತಡೆದೆ. ಉಳಿದ ಕೆಲಸದಲ್ಲೆಲ್ಲ ನನ್ನ ಮುಂದೆ ಕಾಗದದ ಮೇಲಿನ ಅಳತೆ ಇರುತ್ತಿತ್ತು. ಇಲ್ಲಿ ಬೀಡೇ ಇದೆ. ಇದು ಅಲ್ಲೆಲ್ಲೋ ಫ್ರಾನ್ಸಿನಲ್ಲಿ ಕುಗ್ಗಬೇಕಾದಷ್ಟು ಕುಗ್ಗಿಯಾಗಿದೆ, ಕುಗ್ಗಿದ್ದು ಮತ್ತೇನು ಕುಗ್ಗೀತು ಎಂದು ನನ್ನ ಜಾಣತನ ಹೇಳಿತು. ಸಾದಾ ಕೋಲು ಹಿಡಿದೆ. ನಗಬೇಡಿ. ಬರೀ ದಡ್ಡನಿಗೆ ಈ ತಪ್ಪು ಹೊಳೆಯುವುದಿಲ್ಲ, ಅರ್ಧ ಕಲಿತವನಿಗಷ್ಟೇ ಹೊಳೆಯುತ್ತದೆ. ಹಳೆಯ ಬೀಡು ಕುಗ್ಗಿದ್ದು ನಿಜ, ನಾನು ಹೊಯ್ಯಿಸಲಿದ್ದದ್ದು ಹೊಸ ಬೀಡು.

ಎರಡು ತಿಂಗಳು ಕೆತ್ತಿದೆ. ಒಂದೊಂದು ಪುಕ್ಕವೂ ಉಸುಕಿನಿಂದ ನವಿರಾಗಿ ಎದ್ದು ಬರುವಂತೆ ಓರೆ ಕೊಟ್ಟೆ. ಉಸ್ತಾದರು ಪ್ಯಾಟರ್ನಿನ ಮೇಲೆ ಕೈಯಾಡಿಸಿ, “ಹಕ್ಕಿ ಬಂದೈತಿ,” ಅಂದರು. ಹೊಯ್ಯುವ ಸಂಜೆ ಅವರ ಪಕ್ಕದಲ್ಲಿ ನಿಂತೆ. ಕುತ್ತಿಗೆ ತೆಳು, ರಸ ಮಲ್ಲಿಗೆ ಬಣ್ಣದಲ್ಲಿರುವಾಗಲೇ ಹೊಯ್ಯಬೇಕು. ನಾನು ಬಣ್ಣ ಹೇಳಿದೆ, ಅವರು ಕೂಗಿದರು, ರಸ ಇಳಿಯಿತು. ಮಾರನೆಯ ದಿನ ಪೆಟ್ಟಿಗೆ ಬಿಚ್ಚಿ ಉಸುಕು ಕೊಡವಿದಾಗ ಸಾವುಕಾರರು ಕೂಡ ಬಗ್ಗಿ ಪುಕ್ಕದ ಮೇಲೆ ಬೆರಳಾಡಿಸಿದರು. ಒಂದು ಪುಕ್ಕವೂ ಮಾಸಿರಲಿಲ್ಲ. ಉಸ್ತಾದರು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಕೂಸನ್ನು ಇಟ್ಟುಕೊಂಡ ಹಾಗೆ.

ಮಸ್ಕಿಗೆ ಒಯ್ದು ಕೂರಿಸಿದೆವು. ಕುತ್ತಿಗೆ ಬುಡಕ್ಕೆ ಹೊಂದಿಕೊಂಡಿತು. ಎರಡೂ ಕೊಕ್ಕುಗಳ ಮೇಲೆ ತಟ್ಟೆ ಇಟ್ಟೆವು. ಶರಣಮ್ಮ ಸಕ್ಕರೆ ಹಂಚಲು ತಾಟು ಹಿಡಿದು ನಿಂತಿದ್ದರು. ನೀರು ಬಿಟ್ಟರು. ತಟ್ಟೆ ತುಂಬಿತು, ತುಂಬಿದ ನೀರೆಲ್ಲ ಒಂದೇ ಕಡೆಯಿಂದ, ನಮ್ಮ ಹೊಸ ಹಕ್ಕಿಯ ಕಡೆಯಿಂದ, ದಳದಳನೆ ಸುರಿಯಿತು. ಇನ್ನೊಂದು ಕಡೆ ಹನಿಯೂ ಇಲ್ಲ. ಕಣ್ಣಿಗೆ ಕಾಣದಷ್ಟು ವಾಲಿದ್ದನ್ನು ನೀರು ತೋರಿಸಿಕೊಟ್ಟಿತು. ನನಗೆ ಆ ಕ್ಷಣದಲ್ಲೇ ಎಲ್ಲ ತಿಳಿಯಿತು. ಒಂದೂವರೆ ಅಡಿಗೆ ಒಂದೂವರೆ ನೂಲು.

ಉಸ್ತಾದರು ನೀರಿಗಿಳಿದು ಹಳೆಯ ಕುತ್ತಿಗೆಗೊಮ್ಮೆ ಹೊಸದಕ್ಕೊಮ್ಮೆ ಗೇಣು ಹಾಕಿದರು. ಮತ್ತೊಮ್ಮೆ ಹಾಕಿದರು. ನನ್ನ ಕಡೆಗೆ ಮುಖ ತಿರುಗಿಸಿದರು, ಆಮೇಲೆ ಸಾವುಕಾರರ ಕಡೆಗೆ.

“ಏನಾತು ಉಸ್ತಾದ? ಅಳತಿ ಯಾರ್ದು?” ಎಂದು ಬಸಣ್ಣನವರು ಕೇಳಿದರು. ಅವರಿಗೆ ಆ ಮನೆಯವರ ಎದುರು ಅವಮಾನವಾಗಿತ್ತು. ಯಾರನ್ನೋ ಒಬ್ಬನನ್ನು ಅಂದು ಮನೆಗೆ ಕಳಿಸುವುದು ಅವರ ಮುಖದ ಮೇಲೇ ಬರೆದಿತ್ತು.

“ಅಳತಿ ಬರೋಬ್ಬರಿ ಇತ್ರಿ ಸಾವುಕಾರ. ಪೆಟ್ಟಿಗಿ ಕೂಡಿಸೂ ಮುಂದ ಜರಗೈತಿ, ನನಗ ಕಾಣಲಿಲ್ಲ. ನನ್ನ ಕಣ್ಣು ಹೋಗ್ಯಾವ್ರಿ. ಎರಡು ವರ್ಷಾತು. ತಪ್ಪು ನಂದು.”

ಪೆಟ್ಟಿಗೆಯ ಎರಡು ಹೋಳು ಕೂಡಿಸುವಾಗ ಜರುಗಿದರೆ ಎರಕದ ಮೈಮೇಲೆ ಮೆಟ್ಟಿಲಿನಂಥ ಏಣು ಬೀಳುತ್ತದೆಯೇ ಹೊರತು ಸಾಮಾನು ಗಿಡ್ಡವಾಗುವುದಿಲ್ಲ. ವ್ಯಾಪಾರಸ್ಥರಾದ ಬಸಣ್ಣನವರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಕಾರಂಜಿಯ ದಂಡೆಯ ಮೇಲೆ ನಿಂತು ನನ್ನ ಕಾಲು ನೋಡಿಕೊಂಡೆ. ನನಗೆ ಆಗ ಹೊಸದಾಗಿ ಮದುವೆಯಾಗಿತ್ತು ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಹೆದರಿದೆ.

ಆ ವಾರವೇ ಉಸ್ತಾದರು ಗಂಟು ಕಟ್ಟಿಕೊಂಡು ಮಗಳ ಮನೆಗೆ ಹೋದರು. ಗಿಡ್ಡ ಕುತ್ತಿಗೆಯನ್ನು ಒಡೆದು ಭಟ್ಟಿಗೆ ಹಾಕಲು ಸಾವುಕಾರರು ಹೇಳಿದರು. ಅದನ್ನು ನಾನು ಗೋಣಿಯಲ್ಲಿ ಸುತ್ತಿ ಮನೆಗೆ ತಂದೆ. ಉದ್ದದ ಕೋಲು ಹಿಡಿದು ಹೊಸ ಪ್ಯಾಟರ್ನ್ ಮಾಡಿದೆ. ಗಂಗಾವತಿಯಿಂದ ಬಂದ ಹೊಸಬನೊಬ್ಬ ಅದನ್ನು ಹೊಯ್ದ. ಈ ಸಲ ಸರಿಬಂತು. ‘ಕಣ್ಣಿದ್ದವನು ಹೊಯ್ದರೆ ಹೀಗೆ’ ಎಂದು ಎಲ್ಲರೂ ಅಂದರು.

ಒಂದು ಭಾನುವಾರ ಲಿಂಗಸುಗೂರಿಗೆ ಹೋದೆ. ಉಸ್ತಾದರು ಅಂಗಳದ ಹೊರಸಿನ ಮೇಲೆ ಕೂತು ಮೊಮ್ಮಗಳಿಗೆ ಶೇಂಗಾ ಸುಲಿದುಕೊಡುತ್ತಿದ್ದರು. ನಾನು ಅವರ ಕಾಲ ಬಳಿ ಕೂತು, “ಸಾದಾ ಕೋಲು ಹಿಡದಿದ್ದೆರೀ,” ಅಂದೆ. ಅಳು ಬಂತು.

“ಗೊತ್ತೈತಿ. ಗೇಣು ಹಾಕಿದಾಗ ಗೊತ್ತಾತು.”

“ಮತ್ತ ಯಾಕ...”

“ನಿಂದಂತ ಹೇಳಿದ್ರ ನಿನ್ನ ಕಳಸ್ತಿದ್ದ. ನೀ ಹೋದ ಮ್ಯಾಲ ನನಗ ಬಣ್ಣ ಹೇಳವರು ಯಾರು? ಮರುವಾರ ನಾನೂ ಹೋಗಬೇಕಿತ್ತು. ಇಬ್ಬರು ಹೋಗೂ ಬದಲಿ ಒಬ್ಬ ಹೋದ, ಅಷ್ಟ. ಈಗ ಹೋಗಿ ಸಾವುಕಾರನ ಮುಂದ ದೊಡ್ಡ ಮನಷ್ಯಾ ಆಗಬ್ಯಾಡ.” ಶೇಂಗಾ ಸುಲಿಯುತ್ತಲೇ ಕೇಳಿದರು, “ಹಕ್ಕಿ ಹೆಂಗ ಐತಿ?”

ಅವರನ್ನು ಬಸ್ಸಿನಲ್ಲಿ ಮಸ್ಕಿಗೆ ಕರೆದುಕೊಂಡು ಹೋದೆ. ಶರಣಮ್ಮ ಏನೂ ಕೇಳದೆ ನೀರು ಬಿಡಿಸಿದರು, ಕುರ್ಚಿ ಹಾಕಿಸಿದರು. ಉಸ್ತಾದರು ಕಿವಿಗೊಟ್ಟು ಕೂತರು. “ಸುತ್ತಲೂ ಬೀಳಾಕತ್ತೈತಿ,” ಅಂದರು. ಬೇವಿನ ನೆರಳು ಅವರ ಬಿಳಿ ಕಣ್ಣಿನ ಮೇಲೆ ಆಡುತ್ತಿತ್ತು. ಏಳುವಾಗ ನನ್ನ ಹೆಗಲು ಹಿಡಿದು, “ಈ ಹೊಸದ್ರ ಒಳಗ ಬೆರಳು ಒತ್ತಿಯೇನು?” ಎಂದು ಕೇಳಿದರು.

“ಇಲ್ರಿ.”

“ನಾ ಒತ್ತಿದ್ದೆ. ಆ ಮೊದಲನೇದ್ರಾಗ.”

ಮನೆಗೆ ಬಂದು ಗೋಣಿ ಬಿಚ್ಚಿ ಗಿಡ್ಡ ಕುತ್ತಿಗೆಯೊಳಗೆ ಬೆರಳು ಹಾಕಿದೆ. ಮೂರು ಉಬ್ಬು, ಸಾಲಾಗಿ.

ಮುಂದಿನದೆಲ್ಲ ನಿಮಗೆ ಗೊತ್ತಿದ್ದದ್ದೇ. ತೊಂಬತ್ತರ ದಶಕದಲ್ಲಿ ಕರೆಂಟಿನ ಭಟ್ಟಿ ಬಂತು, ಶಾಖ ಅಳೆಯುವ ಮೀಟರು ಬಂತು, ಬಣ್ಣ ಹೇಳುವವರು ಬೇಡವಾದರು. ಉಸ್ತಾದರು ಅದನ್ನು ಕೇಳಿ, “ಚಲೋ ಆತು, ಕಣ್ಣು ಉಳೀತಾವ,” ಅಂದರಂತೆ. ಅದೇ ವರ್ಷ ತೀರಿಕೊಂಡರು. ‘ನರಸಪ್ಪನ ಕಣ್ಣು’ ಎಂಬ ಮಾತು ಅಷ್ಟರಲ್ಲಿ ಫೌಂಡ್ರಿಯಲ್ಲಿ ಬೇರು ಬಿಟ್ಟಿತ್ತು. ಮೊದಮೊದಲು ಕೇಳಿದಾಗಲೆಲ್ಲ ಕೈಯ ಉಳಿ ನಿಲ್ಲುತ್ತಿತ್ತು. ಆಮೇಲೆ ನಿಲ್ಲದಾಯಿತು. ಒಂದು ದಿನ ಗಿಡ್ಡ ಬಂದ ಗಾಣದ ಚಕ್ರವೊಂದನ್ನು ಒದ್ದು ನಾನೇ ಆ ಮಾತು ಆಡಿದೆ. ಆಡಿದ ಮೇಲೆ ಹಿಂದೆ ಹೋಗಿ ಉಸುಕಿನ ಗುಡ್ಡೆಯ ಮೇಲೆ ಕೂತೆ. ಆಗಲೂ ಒಳಗೆ ಹೋಗಿ ನಿಜ ಹೇಳಲಿಲ್ಲ. ಅವರು ಬೇಡ ಅಂದಿದ್ದರು ಎಂಬುದು ನನಗೆ ಬಹಳ ಅನುಕೂಲವಾಗಿತ್ತು.

ಬಸಣ್ಣನವರೂ ಈಗಿಲ್ಲ. ಉಸ್ತಾದರ ಮಾತನ್ನು ಇಷ್ಟು ವರ್ಷ ನಡೆಸಿದ್ದು ಸಾಕು. ಗಿಡ್ಡ ಕುತ್ತಿಗೆ ನಮ್ಮ ಪಡಸಾಲೆಯ ಗೂಡಿನಲ್ಲಿದೆ, ಬಂದು ಗೇಣು ಹಾಕಿ ನೋಡಿರಿ, ಒಳಗೆ ಬೆರಳು ಹಾಕಿ ನೋಡಿರಿ. ಅದನ್ನು ಹೊಯ್ದವರ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಎರಕದಲ್ಲಿ ಮಾತ್ರ ಒಂದು ಕುಂದೂ ಇಲ್ಲ. ಅಳತೆ ಕೊಟ್ಟವನು ನಾನು. ಇನ್ನು ಮೇಲೆ ಗಿಡ್ಡ ಬಂದ ಸಾಮಾನಿಗೆ ‘ಮೌನೇಶನ ಕೋಲು’ ಅನ್ನಿರಿ. ನಾನು ಬದುಕಿರುವಾಗಲೇ ಶುರು ಮಾಡಿರಿ.